ಸೈಕಲ್ಲಿಗೆ ಮೋಟಾರು: ಹಲ್ಲುಗಳ ಲೆಕ್ಕಾಚಾರ

ನಲವತ್ತು ದಾಟಿದವರಿಗೆ ಸೈಕಲ್ ಸವಾರಿ ಹೃದಯಕ್ಕೆ ಹಿತಕರವೆಂಬುದು ಸರ್ವವಿದಿತ. ಆದರೆ ಕೋಠಿಯಿಂದ ಹೊರಟು ಬಂಜಾರಾ ಹಿಲ್ಸ್‌ನ ಏರನ್ನು ಹತ್ತುವಾಗ ಮಂಡಿಗಳು ತಕರಾರು ಹೂಡುತ್ತವೆ. ಆದುದರಿಂದ ಹಳೆಯ ಸೈಕಲ್ಲಿಗೆ ಮನೆಯಲ್ಲಿಯೇ ಚಿಕ್ಕ ವಿದ್ಯುತ್ ಮೋಟಾರನ್ನು ಜೋಡಿಸಬಯಸುವವರು ಮೊದಲು ಹಲ್ಲುಚಕ್ರಗಳ ಪ್ರಮಾಣವನ್ನು ನಿರ್ಧರಿಸಬೇಕು.

ಇದು ಜಮಾ-ಖರ್ಚಿನ ಲೆಕ್ಕವಿದ್ದಂತೆ: ವೇಗ ಜಮೆಯಾದರೆ ಎಳೆತದ ಬಲ ಖರ್ಚಾಗುತ್ತದೆ. ನಿಮಿಷಕ್ಕೆ 330 ಸುತ್ತು ತಿರುಗುವ ಮೋಟಾರಿನಲ್ಲಿ 9 ಹಲ್ಲಿನ ಚಕ್ರವೂ, 2.2 ಮೀಟರ್ ಸುತ್ತಳತೆಯ ಹಿಂದಿನ ಗಾಲಿಯಲ್ಲಿ 16 ಹಲ್ಲಿನ ಚಕ್ರವೂ ಇವೆಯೆಂದುಕೊಳ್ಳೋಣ. ಆಗ ವೇಗ ಗಂಟೆಗೆ ಸುಮಾರು 24.5 ಕಿ.ಮೀ. ಹಿಂದೆ 22 ಹಲ್ಲಿನದನ್ನು ಹಾಕಿದರೆ ವೇಗ ಸುಮಾರು 18ಕ್ಕೆ ಇಳಿಯುತ್ತದೆ. ಎಳೆತವಾದರೋ ಶೇಕಡಾ 37ರಷ್ಟು ಹೆಚ್ಚುತ್ತದೆ.

ಸುಲ್ತಾನ್ ಬಜಾರಿನ ಜನಸಂದಣಿಯಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಹೊರಡಬೇಕಾಗುತ್ತದೆ. 16 ಹಲ್ಲಿನದಾದರೆ ಪ್ರತಿಸಲವೂ ಮೋಟಾರು ಏದುಸಿರು ಬಿಡುತ್ತ, ಹೆಚ್ಚು ವಿದ್ಯುತ್ತನ್ನೆಳೆದು ಕಾಯುತ್ತದೆ. ಉದ್ದನೆಯ ಏರಿನಲ್ಲಿ ಅದರ ಸುರುಳಿ ಸುಟ್ಟುಹೋಗಲೂಬಹುದು. ಅದು ಸೋತೊಡನೆ ಭಾರವೆಲ್ಲ ಮತ್ತೆ ಮಂಡಿಯ ಮೇಲೆಯೇ!

ಕಾನೂನನ್ನೂ ಮರೆಯಲಾಗದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಬ್ಯಾಟರಿ ಸೈಕಲ್ಲಿನ ಶಕ್ತಿ 250 ವ್ಯಾಟಿಗಿಂತಲೂ ವೇಗ 25 ಕಿ.ಮೀ.ಗಿಂತಲೂ ಕಡಿಮೆಯಿರಬೇಕು. ಮೀರಿದರೆ ನೋಂದಣಿ, ವಿಮೆ, ಪರವಾನಗಿಗಳ ಪ್ರಶ್ನೆ ಬರುತ್ತದೆ. ಸೈಕಲ್ಲಿನ ಬ್ರೇಕುಗಳೂ ಅಧಿಕ ವೇಗಕ್ಕೆಂದು ಮಾಡಿದವುಗಳಲ್ಲ.

ಆದಕಾರಣ ವಾಚಕ ಮಹಾಶಯರು ಅಂಗಡಿಯವನು ಹೇಳುವ ವೇಗವನ್ನು ನೆಚ್ಚದೆ, ತಾವು ದಿನವೂ ಹತ್ತುವ ಏರನ್ನು ಲೆಕ್ಕಕ್ಕೆ ಹಿಡಿದು ಹಲ್ಲುಗಳನ್ನು ಎಣಿಸಲಿ. ಕಚೇರಿಗೆ ಐದು ನಿಮಿಷ ತಡವಾದೀತು. ಮಂಡಿಗಳು ಮಾತ್ರ ನಿವೃತ್ತಿಯವರೆಗೂ ಸೇವೆಯಲ್ಲಿರುತ್ತವೆ.