‘ಅಬ್‌ಸ್ಕೋಪಲ್’ ಪರಿಣಾಮ: ಪದವೂ ಪದಾರ್ಥವೂ

ಅರ್ಬುದರೋಗಕ್ಕೆ ವಿಕಿರಣಚಿಕಿತ್ಸೆಯನ್ನು ಮಾಡಿದಾಗ ಕಿರಣ ತಾಗಿದ ಗಂತಿಯು ಕುಗ್ಗುವುದು ಸಹಜವೇ ಸರಿ. ಕಿರಣ ಸೋಕದ ದೂರದ ಗಂತಿಯೂ ಕುಗ್ಗುವುದು ಅತಿ ವಿರಳವಾಗಿ ಕಂಡುಬಂದಿದೆ. ಕಿರಣ ಬಿದ್ದೆಡೆಯಿಂದಾಚೆಗೆ ಅದೇ ದೇಹದಲ್ಲಿ ತೋರುವ ಇಂತಹ ಪರಿಣಾಮಗಳಿಗೆ ಆರ್. ಎಚ್. ಮೋಲ್ ಎಂಬವರು ೧೯೫೩ರಲ್ಲಿ ‘ಅಬ್‌ಸ್ಕೋಪಲ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನ ‘ಅಬ್’ ಎಂದರೆ ದೂರವಾಗಿ. ಗ್ರೀಕಿನ ‘ಸ್ಕೋಪೋಸ್’ ಎಂದರೆ ಗುರಿ. ‘ಲಕ್ಷ್ಯೇತರ ಪರಿಣಾಮ’ ಎಂದು ನಾವು ಹೇಳಬಹುದು. ಈ ಹೆಸರು ಪರಿಣಾಮದ ಸ್ಥಾನವನ್ನು ಸೂಚಿಸುವುದೇ ಹೊರತು ಕಾರಣವನ್ನು ಸೂಚಿಸುವುದಿಲ್ಲ.

ಕಾರಣದ ನಿರ್ಣಯವು ನ್ಯೂಯಾರ್ಕ್ ನಗರದಲ್ಲಿ ಸಾಂಡ್ರಾ ಡೆಮಾರಿಯಾ, ಸಿಲ್ವಿಯಾ ಫಾರ್ಮೆಂಟಿ ಮೊದಲಾದವರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಸ್ಪಷ್ಟವಾಯಿತು. ಇಲಿಗಳ ಎರಡು ಪಾರ್ಶ್ವಗಳಲ್ಲಿಯೂ ಗಂತಿಗಳನ್ನು ಬೆಳೆಯಿಸಿ, ಒಂದಕ್ಕೆ ಮಾತ್ರ ಕಿರಣವನ್ನು ಹಾಯಿಸಿ, ರೋಗನಿರೋಧಶಕ್ತಿಯನ್ನು ಪ್ರಚೋದಿಸುವ ದ್ರವ್ಯವೊಂದನ್ನೂ ಕೊಟ್ಟರು. ಇನ್ನೊಂದು ಗಂತಿಯ ಬೆಳೆವಣಿಗೆಯೂ ಕುಂದಿತು. ಟಿ-ಜೀವಕೋಶಗಳಿಲ್ಲದ ಇಲಿಗಳಲ್ಲಿ ಈ ಫಲವು ತೋರಲಿಲ್ಲ. ಬೇರೆ ಜಾತಿಯ ಗಂತಿಯ ಮೇಲೂ ತೋರಲಿಲ್ಲ. ನಮ್ಮ ತಾರ್ಕಿಕರ ಅನ್ವಯ-ವ್ಯತಿರೇಕಗಳು ಇಲ್ಲಿ ಪ್ರತ್ಯಕ್ಷವಾಗಿವೆ. ದೂರದಲ್ಲಿ ಕೆಲಸಮಾಡಿದುದು ಕಿರಣವಲ್ಲ, ಕಿರಣದಿಂದ ಎಚ್ಚೆತ್ತ ದೇಹದ ರಕ್ಷಣಾಶಕ್ತಿ.

ಹಾಗಾದರೆ ಕಿರಣವು ಹೆಚ್ಚಿದಷ್ಟೂ ಫಲವು ಹೆಚ್ಚುವುದೇ? ಇಲ್ಲ. ರೋಗನಿರೋಧಕ್ಕಿರುವ ತಡೆಯನ್ನು ನೀಗುವ ಔಷಧದೊಡನೆ ನಡೆದ ೨೦೦೯ರ ಪ್ರಯೋಗದಲ್ಲಿ, ಒಮ್ಮೆಗೇ ಕೊಟ್ಟ ೨೦ ಗ್ರೇ ಪ್ರಮಾಣವು ದೂರದ ಗಂತಿಯನ್ನು ಕುಗ್ಗಿಸಲಿಲ್ಲ. ೮ ಗ್ರೇಯಂತೆ ೩ ಸಲ ಕೊಟ್ಟುದು ಕುಗ್ಗಿಸಿತು. ಇದರ ಮರ್ಮವು ೨೦೧೭ರಲ್ಲಿ ತಿಳಿದುಬಂದಿತು. ಕಿರಣದಿಂದ ಒಡೆದ ಡಿ. ಎನ್. ಎ. ತುಣುಕುಗಳು ಜೀವಕೋಶದ ರಸಕ್ಕೆ ಸೇರಿದರೆ, ಕೋಶವು ವೈರಸ್ಸು ಹೊಕ್ಕಿತೆಂಬಂತೆ ರಕ್ಷಕರನ್ನು ಕರೆಯುತ್ತದೆ. ಒಮ್ಮೆಗೇ ಬೀಳುವ ಪ್ರಮಾಣವು ಮಿತಿಮೀರಿದರೆ ‘ಟ್ರೆಕ್ಸ್-೧’ ಎಂಬ ಕಿಣ್ವವು ಹೆಚ್ಚಿ ಆ ತುಣುಕುಗಳನ್ನು ಅಳಿಸಿಬಿಡುತ್ತದೆ, ಕರೆಯು ಅಡಗುತ್ತದೆ.

ಇಲಿಯಲ್ಲಿ ಸಿದ್ಧವಾದುದೆಲ್ಲವೂ ಮನುಷ್ಯನಲ್ಲಿ ಸಿದ್ಧವಲ್ಲ. ಮೆಲನೋಮವುಳ್ಳ ಒಬ್ಬ ರೋಗಿಯಲ್ಲಿ ಔಷಧ-ಕಿರಣಗಳ ಯೋಗದಿಂದ ಈ ಪರಿಣಾಮವುಂಟಾದುದು ೨೦೧೨ರಲ್ಲಿ ವರದಿಯಾಯಿತು. ಆದರೆ ತಲೆ-ಕುತ್ತಿಗೆಗಳ ಹರಡಿದ ಅರ್ಬುದವಿದ್ದ ೬೨ ಜನರ ಪರೀಕ್ಷೆಯಲ್ಲಿ, ಔಷಧಕ್ಕೆ ಕಿರಣವನ್ನು ಸೇರಿಸಿದುದರಿಂದ ಹೆಚ್ಚಿನ ಫಲವು ದೊರೆಯಲಿಲ್ಲವೆಂದು ೨೦೨೧ರಲ್ಲಿ ಪ್ರಕಟವಾಯಿತು. ಆದಕಾರಣ ಈ ವಿಷಯವನ್ನು ಕನ್ನಡದಲ್ಲಿ ಬರೆಯುವವರು ‘ಸಂಜೀವಿನಿ’ಯಂತಹ ಪದಗಳನ್ನು ಬಳಸದಿರುವುದು ಲೇಸು. ಓದುವವರಲ್ಲಿ ರೋಗಿಗಳೂ ಇರುತ್ತಾರೆ. ಅವರಿಗೆ ಅತಿಶಯೋಕ್ತಿಯು ಅಲಂಕಾರವಲ್ಲ.