ಮುಂದಿನ ಗಾಲಿಯ ಕೆಲಸ

ಪ್ರವೇಶ: ವಾಹನದ ವೇಗವನ್ನು ಒಮ್ಮೆಲೆ ಹೆಚ್ಚಿಸಿದಾಗ ಅದರ ಮೂತಿ ಮೇಲೇಳುತ್ತದೆ. ಹೀಗೇಕೆ ಆಗುತ್ತದೆ? ಮೋಟಾರು ಸ್ಪರ್ಧೆಗಳಲ್ಲಿ ಮುಂದಿನ ಗಾಲಿ ಮತ್ತು ಸ್ಪ್ರಿಂಗ್‌ಗಳಿಗೆ ನಿಯಮಗಳನ್ನು ಏಕೆ ಮಾಡಿದ್ದಾರೆ? ನಮ್ಮ ಊರಿನ ಟ್ರ್ಯಾಕ್ಟರಿಗೂ ಆ ನಿಯಮಗಳಿಗೂ ಏನು ಸಂಬಂಧ? ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಚಕ್ಕಡಿಯಲ್ಲಿ ಕಣಿಕೆ ಹೇರುವುದನ್ನು ನೀವು ನೋಡಿರಬಹುದು. ಹೇರು ಹಿಂಭಾಗದಲ್ಲಿ ಹೆಚ್ಚಾದರೆ ನೊಗ ಮೇಲೇಳುತ್ತದೆ. ಮುಂಭಾಗದಲ್ಲಿ ಹೆಚ್ಚಾದರೆ ಎತ್ತುಗಳ ಹೆಗಲಿಗೆ ಭಾರ ಬೀಳುತ್ತದೆ. ಅದಕ್ಕೇ ತಿಳಿದ ರೈತನು ಅಚ್ಚಿನ ಹಿಂದೆ ಮುಂದೆ ನೋಡಿಕೊಂಡು ಹೇರನ್ನು ಸಮ ಮಾಡುತ್ತಾನೆ. ಯಾವ ಗಾಲಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬ ಈ ಲೆಕ್ಕ ಮೋಟಾರು ವಾಹನಗಳಿಗೂ ಇದೆ. ಆದರೆ ಅಲ್ಲಿ ಒಂದು ವ್ಯತ್ಯಾಸವುಂಟು. ಹೇರನ್ನು ಯಾರೂ ಮುಟ್ಟದಿದ್ದರೂ ವೇಗ ಹೆಚ್ಚಿದಾಗ ಭಾರ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ.

ಎಸ್.ಟಿ. ಬಸ್ಸಿನಲ್ಲಿ ನಿಂತಿರುವಾಗ ಬಸ್ಸು ತಟ್ಟನೆ ಹೊರಟರೆ ನಾವು ಹಿಂದಕ್ಕೆ ವಾಲುತ್ತೇವೆ, ಅಲ್ಲವೇ? ಬಸ್ಸಿನ ನೆಲ ನಮ್ಮ ಕಾಲನ್ನು ಮುಂದಕ್ಕೆ ಒಯ್ಯುತ್ತದೆ. ಮೈಯ ಮೇಲ್ಭಾಗ ಇದ್ದಲ್ಲೇ ಉಳಿಯಲು ನೋಡುತ್ತದೆ. ವಾಹನಕ್ಕೂ ಹೀಗೆಯೇ. ಅದನ್ನು ಮುಂದಕ್ಕೆ ತಳ್ಳುವ ಬಲ ಹುಟ್ಟುವುದು ನೆಲದ ಮಟ್ಟದಲ್ಲಿ, ಟೈರು ರಸ್ತೆಗೆ ತಾಗುವ ಜಾಗದಲ್ಲಿ. ವಾಹನದ ಭಾರದ ಕೇಂದ್ರ ಇರುವುದು ನೆಲದಿಂದ ಮೇಲೆ. ಆದುದರಿಂದ ಮೂತಿ ಏಳುತ್ತದೆ, ಬೆನ್ನು ಕುಸಿಯುತ್ತದೆ.

ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. 1200 ಕಿಲೋಗ್ರಾಂ ತೂಕದ ಒಂದು ಕಾರು ಇದೆ ಎನ್ನೋಣ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.5 ಮೀಟರ್. ಭಾರದ ಕೇಂದ್ರದ ಎತ್ತರ ಅರ್ಧ ಮೀಟರ್. ಕಾರಿನ ವೇಗ ಪ್ರತಿ ಸೆಕೆಂಡಿಗೆ ಗಂಟೆಗೆ ಸುಮಾರು 18 ಕಿಲೋಮೀಟರಿನಂತೆ ಏರುತ್ತಿದೆ. ಇದು ಕೈಬಿಟ್ಟ ಕಲ್ಲು ಕೆಳಗೆ ಬೀಳುವಾಗ ಪಡೆಯುವ ವೇಗೋತ್ಕರ್ಷದ ಅರ್ಧದಷ್ಟು. ಈಗ 1200ನ್ನು ಅರ್ಧದಿಂದ ಗುಣಿಸಿ, ಮತ್ತೆ ಎತ್ತರವಾದ ಅರ್ಧದಿಂದ ಗುಣಿಸಿ, 2.5ರಿಂದ ಭಾಗಿಸಿರಿ. ಉತ್ತರ 120 ಕಿಲೋಗ್ರಾಂ. ನಿಂತಾಗ ಮುಂದೆ 660, ಹಿಂದೆ 540 ಕಿಲೋಗ್ರಾಂ ಭಾರ ಇದ್ದರೆ, ಓಡಲು ತೊಡಗಿದಾಗ ಮುಂದೆ 540, ಹಿಂದೆ 660 ಆಗುತ್ತದೆ.

ಇದರಿಂದ ಲಾಭವೂ ಇದೆ, ಅಪಾಯವೂ ಇದೆ. ಗಾಲಿಯ ಮೇಲೆ ಭಾರ ಹೆಚ್ಚಿದಷ್ಟೂ ಟೈರಿಗೆ ರಸ್ತೆಯ ಹಿಡಿತ ಹೆಚ್ಚು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ಜೀಪು, ಆಟೋರಿಕ್ಷಾಗಳಲ್ಲೂ ಹಾಗೆಯೇ. 1983ರಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಗಾಲಿಗಳೇ ಕಾರನ್ನು ಎಳೆಯುತ್ತಿದ್ದವು. ಭಾರ ಹಿಂದಕ್ಕೆ ಸರಿದಾಗ ಹಿಂದಿನ ಗಾಲಿಯಿಂದ ನಡೆಯುವ ವಾಹನಕ್ಕೆ ಅನುಕೂಲ. ಆದರೆ ವಾಹನವನ್ನು ತಿರುಗಿಸುವವು ಮುಂದಿನ ಗಾಲಿಗಳು. ಅವುಗಳ ಮೇಲಿನ ಭಾರ ತೀರ ಕಡಿಮೆಯಾದರೆ ಸ್ಟೀರಿಂಗ್ ತಿರುವಿದರೂ ವಾಹನ ತಿರುಗದು.

ಈ ಲಾಭ ಮತ್ತು ಅಪಾಯಗಳ ಪೈಪೋಟಿ ಎದ್ದು ಕಾಣುವುದು ಡ್ರ್ಯಾಗ್ ರೇಸ್ ಎಂಬ ಸ್ಪರ್ಧೆಯಲ್ಲಿ. ನೆಟ್ಟಗಿನ ದಾರಿಯಲ್ಲಿ, ನಿಂತ ಜಾಗದಿಂದ ಹೊರಟು, ಕಾಲು ಮೈಲಿ ಅಂದರೆ ಸುಮಾರು 402 ಮೀಟರ್ ದೂರವನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬುದೇ ಈ ಸ್ಪರ್ಧೆ. ಅಮೆರಿಕದಲ್ಲಿ ಯುವಕರು ಬೀದಿಗಳಲ್ಲಿ ಹೀಗೆ ಪಂದ್ಯ ಕಟ್ಟಿ ಅನಾಹುತ ಮಾಡಿಕೊಳ್ಳುತ್ತಿದ್ದರು. ಅವರನ್ನು ಬೀದಿಯಿಂದ ಮೈದಾನಕ್ಕೆ ತರಬೇಕೆಂದು ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸಂಸ್ಥೆಯನ್ನು ಕಟ್ಟಿದರು. ನಮ್ಮ ಮಹಾರಾಷ್ಟ್ರದಲ್ಲಿಯೂ ಲೋಣಾವಳಾ ಬಳಿಯ ಆಂಬಿ ವ್ಯಾಲಿಯ ವಿಮಾನ ಓಡುದಾರಿಯಲ್ಲಿ ಇಂಥ ಸ್ಪರ್ಧೆಗಳು ನಡೆದಿವೆ.

ಈ ಸ್ಪರ್ಧೆಯಲ್ಲಿ ಹೊರಡುವ ಕ್ಷಣವೇ ಮುಖ್ಯ. ಆಗ ಹಿಂದಿನ ಟೈರು ಜಾರಿದರೆ ಸೋಲು ಖಚಿತ. ಆದುದರಿಂದ ಸ್ಪರ್ಧಿಗಳು ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಮಾರ್ಪಡಿಸುತ್ತಾರೆ. ಮೂತಿ ಎತ್ತರಕ್ಕೆ ಎದ್ದಷ್ಟೂ ಹೆಚ್ಚು ಭಾರ ಹಿಂದೆ ಬೀಳುತ್ತದೆ ಎಂದು ಹಲವರು ನಂಬುತ್ತಾರೆ. ಅದು ಪೂರ್ಣ ನಿಜವಲ್ಲ. ನಮ್ಮ ಲೆಕ್ಕದಲ್ಲಿ ಸ್ಪ್ರಿಂಗಿನ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿದಿರಾ? ಎಷ್ಟು ಭಾರ ಸರಿಯುತ್ತದೆ ಎಂಬುದು ಮುಖ್ಯವಾಗಿ ವೇಗೋತ್ಕರ್ಷ, ಎತ್ತರ ಮತ್ತು ಗಾಲಿಗಳ ಅಂತರಗಳಿಂದ ಗೊತ್ತಾಗುತ್ತದೆ. ಆ ಭಾರ ಎಷ್ಟು ಬೇಗ, ಎಷ್ಟು ನಯವಾಗಿ ಹಿಂದಿನ ಟೈರಿಗೆ ತಲುಪುತ್ತದೆ ಎಂಬುದನ್ನು ಮಾತ್ರ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ನೋಡಿಕೊಳ್ಳುತ್ತವೆ. ಅದಕ್ಕಾಗಿ ಕೆಲವರು ಸುಲಭವಾಗಿ ಚಾಚಿಕೊಂಡು ನಿಧಾನವಾಗಿ ಮಡಚಿಕೊಳ್ಳುವ ಶಾಕ್ ಅಬ್ಸಾರ್ಬರ್ ಹಾಕುತ್ತಾರೆ. ಮೂತಿ ಬೇಗ ಏಳುತ್ತದೆ, ಇಳಿಯುವಾಗ ದೊಪ್ಪನೆ ಬೀಳುವುದಿಲ್ಲ.

ಇದನ್ನು ಅತಿಯಾಗಿ ಮಾಡಿದರೆ ಮುಂದಿನ ಗಾಲಿ ನೆಲ ಬಿಡುತ್ತದೆ. ಗಾಳಿಯಲ್ಲಿರುವ ಗಾಲಿ ದಾರಿ ತೋರಿಸಲಾರದು. ಇಳಿಯುವಾಗ ಓರೆಯಾಗಿ ತಾಗಿದರೆ ಕಾರು ಪಕ್ಕಕ್ಕೆ ನುಗ್ಗುತ್ತದೆ. ಆದುದರಿಂದಲೇ ನಿಯಮಗಳು. ಮೇಲೆ ಹೇಳಿದ ಸಂಸ್ಥೆಯ ಸಾಮಾನ್ಯ ನಿಯಮಗಳ ಪ್ರಕಾರ, ಸ್ಪ್ರಿಂಗ್ ಇರುವ ಪ್ರತಿಯೊಂದು ಗಾಲಿಗೂ ಸರಿಯಾಗಿ ಕೆಲಸ ಮಾಡುವ ಒಂದು ಶಾಕ್ ಅಬ್ಸಾರ್ಬರ್ ಇರಲೇಬೇಕು. ಅದನ್ನು ಭದ್ರವಾಗಿ ಕೂಡಿಸಿರಬೇಕು. ಕಾರಿನ ಮುಂತುದಿಯಿಂದ ಮುಂದಿನ ಅಚ್ಚಿನ ಹಿಂದೆ ಒಂದು ಅಡಿಯವರೆಗೆ, ನೆಲದಿಂದ ಕನಿಷ್ಠ 3 ಇಂಚು ಅಂತರ ಇರಬೇಕು. ಮೂತಿ ಮೇಲೆದ್ದಾಗ ತಡೆಯಲು ಕೆಲವು ವರ್ಗಗಳಲ್ಲಿ ಕಾರಿನ ಹಿಂದೆ ಚಿಕ್ಕ ಗಾಲಿಗಳುಳ್ಳ ಸರಳುಗಳನ್ನು ಚಾಚಿರುತ್ತಾರೆ. ಆ ಗಾಲಿಗಳು ಲೋಹದವಾಗಿರಕೂಡದು. ಎಲ್ಲಕ್ಕಿಂತ ವೇಗದ ಟಾಪ್ ಫ್ಯೂಯೆಲ್ ವರ್ಗದ ವಾಹನಗಳಿಗೆ ಸ್ಪ್ರಿಂಗುಗಳೇ ಇಲ್ಲ. ಅವುಗಳ ಗಾಲಿಗಳ ಅಂತರ ಸುಮಾರು 7.6 ಮೀಟರ್, ಅಂದರೆ ಅಂಬಾಸಡರಿನ ಮೂರು ಪಟ್ಟು. ಉದ್ದ ಹೆಚ್ಚಿದಂತೆ ಹಿಂದಕ್ಕೆ ಸರಿಯುವ ಭಾರ ಕಡಿಮೆಯಾಗುತ್ತದೆ ಎಂಬುದನ್ನು ಮೇಲಿನ ಲೆಕ್ಕದಿಂದಲೇ ತಿಳಿಯಬಹುದು.

ನಿಯಮಗಳು ಸುಮ್ಮನೆ ಹುಟ್ಟುವುದಿಲ್ಲ. 2008ರ ಜೂನ್ ತಿಂಗಳಲ್ಲಿ ಸ್ಕಾಟ್ ಕಲಿಟಾ ಎಂಬ ಚಾಲಕರು ಸ್ಪರ್ಧೆಯಲ್ಲಿ ಪ್ರಾಣ ಕಳೆದುಕೊಂಡರು. ಆ ಬಳಿಕ ಅತಿವೇಗದ ವರ್ಗಗಳ ಓಟವನ್ನು ಕಾಲು ಮೈಲಿಯಿಂದ 1000 ಅಡಿಗೆ ಇಳಿಸಲಾಯಿತು.

ಇದೆಲ್ಲ ದೂರದ ಮಾತು ಎನ್ನಿಸಬಹುದು. ಆದರೆ ಕಬ್ಬಿನ ಹಂಗಾಮಿನಲ್ಲಿ ಸೊಲ್ಲಾಪುರದಿಂದ ಕುಂಭಾರಿಯ ಮೇಲೆ ಅಕ್ಕಲಕೋಟೆಗೆ ಹೋಗುವ ರಸ್ತೆಯಂಥ ನಮ್ಮ ರಸ್ತೆಗಳಲ್ಲಿ ನಿಂತು ನೋಡಿರಿ. ಸಾಮಾನ್ಯ ಟ್ರ್ಯಾಕ್ಟರ್ ಕೂಡ ಹಿಂದಿನ ಗಾಲಿಗಳಿಂದಲೇ ನಡೆಯುವ ವಾಹನ. ಅದರ ಮೈ ಎತ್ತರ, ಗಾಲಿಗಳ ಅಂತರ ಕಡಿಮೆ, ಹಿಂದೆ ಕಬ್ಬು ತುಂಬಿದ ಟ್ರಾಲಿ. ಏರಿನಲ್ಲಿ ಅಥವಾ ಹೊಲದ ಕೆಸರಿನಲ್ಲಿ ಟ್ರಾಲಿ ಸಿಕ್ಕಿಕೊಂಡಾಗ ಚಾಲಕನು ಕ್ಲಚ್ಚನ್ನು ಒಮ್ಮೆಲೆ ಬಿಟ್ಟರೆ, ಗಾಲಿ ಉರುಳುವ ಬದಲು ಟ್ರ್ಯಾಕ್ಟರಿನ ಮೈಯೇ ಹಿಂದಿನ ಅಚ್ಚಿನ ಸುತ್ತ ತಿರುಗಿ ಮೂತಿ ಏಳುತ್ತದೆ. ಕೆಲವೊಮ್ಮೆ ಒಂದೆರಡು ಸೆಕೆಂಡುಗಳಲ್ಲಿ ಹಿಂದಕ್ಕೆ ಮಗುಚಿ ಬೀಳುತ್ತದೆ. ಚಾಲಕನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ.

ಇಲ್ಲಿಯೂ ನಿಯಮಗಳಿವೆ. ಟ್ರಾಲಿಯ ಕೊಂಡಿಯನ್ನು ಹಿಂದಿನ ಅಚ್ಚಿಗಿಂತ ಕೆಳಗೇ ಜೋಡಿಸಬೇಕು. ಮೇಲೆ ಜೋಡಿಸಿದರೆ ಎಳೆತವೇ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುತ್ತದೆ. ಒಟ್ಟು ಭಾರದ ಐದನೆಯ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲಿರಬೇಕು. ಅದಕ್ಕಾಗಿ ಮೂತಿಗೆ ಕಬ್ಬಿಣದ ತೂಕಗಳನ್ನು ತೂಗುಹಾಕುತ್ತಾರೆ. ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಕೆಸರಿನಲ್ಲಿ ಸಿಕ್ಕರೆ ಹಟ ಮಾಡದೆ ಹೇರು ಇಳಿಸಬೇಕು. ಗಾಲಿಯ ಮೇಲಿನ ಮಡ್‌ಗಾರ್ಡಿನಲ್ಲಿ ಯಾರೂ, ಮುಖ್ಯವಾಗಿ ಮಕ್ಕಳು, ಕೂಡ್ರಬಾರದು.

ಸ್ಪರ್ಧೆಯ ಕಾರನ್ನು ಓಟಕ್ಕೆ ಮೊದಲು ತಪಾಸಣಾಧಿಕಾರಿ ನೋಡುತ್ತಾನೆ. ಹೊಲದಿಂದ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರನ್ನು ಮನೆಯವರೇ ನೋಡಬೇಕು. ಹಿಂದಿನ ಗಾಲಿ ನೂಕುತ್ತದೆ, ಮುಂದಿನ ಗಾಲಿ ದಾರಿ ಹಿಡಿಸುತ್ತದೆ. ಎರಡೂ ನೆಲದ ಮೇಲಿದ್ದರೆ ಮಾತ್ರ ಹೊರಟವರು ಮನೆಗೆ ಮರಳುತ್ತಾರೆ.

ಅಭ್ಯಾಸ

1. ವೇಗ ಹೆಚ್ಚಿದಾಗ ವಾಹನದ ಮೂತಿ ಏಕೆ ಏಳುತ್ತದೆ? ಬಸ್ಸಿನ ಉದಾಹರಣೆಯಿಂದ ವಿವರಿಸಿರಿ.
2. ಪಾಠದ ಕಾರಿನಲ್ಲಿ ಗಾಲಿಗಳ ಅಂತರ 3 ಮೀಟರ್ ಆದರೆ ಎಷ್ಟು ಭಾರ ಹಿಂದಕ್ಕೆ ಸರಿಯುತ್ತದೆ? ಲೆಕ್ಕ ಮಾಡಿರಿ.
3. ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಯಾವ ಕೆಲಸ ಮಾಡುತ್ತವೆ? ಯಾವುದನ್ನು ಮಾಡುವುದಿಲ್ಲ?
4. ನಿಮ್ಮ ಊರಿನ ಒಂದು ಟ್ರ್ಯಾಕ್ಟರನ್ನು ನಿಲ್ಲಿಸಿರುವಾಗ ಹಿರಿಯರೊಂದಿಗೆ ಹೋಗಿ ನೋಡಿರಿ. ಅದರ ಕೊಂಡಿ ಅಚ್ಚಿಗಿಂತ ಮೇಲಿದೆಯೋ ಕೆಳಗಿದೆಯೋ, ಮೂತಿಗೆ ತೂಕ ಇದೆಯೋ ಇಲ್ಲವೋ ಎಂದು ಬರೆದುಕೊಂಡು ಬಂದು ವರ್ಗದಲ್ಲಿ ಹೇಳಿರಿ.