ಯಾತ್ರೆ ಕೆಟ್ಟರೆ ಕೊಟ್ಟ ಹಣ ಕೇಳುವುದು ಹೇಗೆ?



ಹಿಂಗಾರಿ ಜೋಳದ ರಾಶಿ ಮುಗಿಯಿತೆಂದರೆ ನಮ್ಮ ಭಾಗದ ಊರುಗಳಲ್ಲಿ ಯಾತ್ರೆಯ ಮಾತು ಶುರುವಾಗುತ್ತದೆ. ಕಾಶಿ, ಅಯೋಧ್ಯೆ, ರಾಮೇಶ್ವರ ಎಂದು ಬರೆದ ಕರಪತ್ರಗಳು ಬಾದಾಮಿ, ಹುನಗುಂದ, ಇಳಕಲ್‌ನಿಂದ ಹಳ್ಳಿಯ ಹೋಟೆಲಿನವರೆಗೂ ಬರುತ್ತವೆ. ಆದರೆ ಎಮ್ಮೆ ಕಟ್ಟಿದವರಿಗೆ ಹನ್ನೊಂದು ದಿನ ಮನೆ ಬಿಡುವುದು ಸಣ್ಣ ಮಾತಲ್ಲ. ಹಾಲು ಹಿಂಡಲು ಒಬ್ಬರನ್ನು ಒಪ್ಪಿಸಬೇಕು, ಮೇವು ಕೂಡಿಡಬೇಕು, ಹೊಸ ಕೈಗೆ ಎಮ್ಮೆ ಹಾಲು ಕೊಡುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಇಷ್ಟೆಲ್ಲ ಮಾಡಿ, ಹಾಲಿನ ಬಟವಾಡೆಯಲ್ಲಿ ಉಳಿಸಿದ ದುಡ್ಡು ಕಟ್ಟಿ ಹೊರಟಾಗ ಎಸಿ ಬಸ್ಸಿನ ಬದಲು ಹಳೇ ಬಸ್ಸು ಬಂದರೆ? ಲಾಡ್ಜ್ ಎಂದವರು ಛತ್ರದ ಪಡಸಾಲೆಯಲ್ಲಿ ಮಲಗಿಸಿದರೆ? ಅಯೋಧ್ಯೆ ತೋರಿಸದೆ ಬಸ್ಸು ತಿರುಗಿಸಿದರೆ?

“ಹೋಗ್ಲಿ ಬಿಡ್ರಿ, ದೇವರ ಕೆಲಸಕ್ಕ ಹೋಗಿದ್ವಿ, ಜಗಳ ಯಾಕ” ಅನ್ನುವವರೇ ನಮ್ಮಲ್ಲಿ ಹೆಚ್ಚು. ದೇವರಿಗೆ ಹರಕೆ ಸಲ್ಲಿಸಿದ್ದು ಬೇರೆ, ಟ್ರಾವೆಲ್ಸ್‌ನವರಿಗೆ ದುಡ್ಡು ಕೊಟ್ಟಿದ್ದು ಬೇರೆ. ಎರಡನೆಯದು ವ್ಯವಹಾರ. ಹೇಳಿದ್ದನ್ನು ಕೊಡದಿದ್ದರೆ ಅದು ಸೇವಾ ನ್ಯೂನತೆ. ಅದಕ್ಕೆ ಪರಿಹಾರ ಕೇಳುವ ಹಕ್ಕನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿದೆ.

ಈ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಈಗಿರುವುದು 2019ರ ಕಾಯ್ದೆ, ಜಾರಿಯಾದದ್ದು 2020ರ ಜುಲೈನಲ್ಲಿ. ಹಳ್ಳಿಯವರಿಗೆ ಇದರಿಂದ ಆದ ದೊಡ್ಡ ಉಪಕಾರ ಒಂದಿದೆ. ಹಿಂದೆ ಕಂಪನಿ ಇರುವ ಊರಿನಲ್ಲಿ ಅಥವಾ ವ್ಯವಹಾರ ನಡೆದ ಊರಿನಲ್ಲಿ ದೂರು ಕೊಡಬೇಕಿತ್ತು. ಈಗ 34ನೇ ಕಲಮಿನ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನಿಮ್ಮ ದೂರು ಬಾಗಲಕೋಟೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ನಡೆಯುತ್ತದೆ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ “ಎಲ್ಲ ವ್ಯಾಜ್ಯಗಳೂ ಬೆಂಗಳೂರಿನ ವ್ಯಾಪ್ತಿಗೆ ಮಾತ್ರ” ಎಂದು ಅಚ್ಚು ಹಾಕಿಸಿರುತ್ತಾರೆ. ಅದನ್ನೇ ತೋರಿಸಿ ವಾದವನ್ನೂ ಮಾಡಬಹುದು. ಆದ್ದರಿಂದ ದೂರಿನಲ್ಲಿ 34ನೇ ಕಲಮನ್ನು ಹೆಸರಿಸಿಯೇ ಬರೆಯಿರಿ.

ದುಡ್ಡು ಹೋದದ್ದಕ್ಕೆ ದುಡ್ಡು ಸರಿ, ಬೇಸರವಾದದ್ದಕ್ಕೂ ಪರಿಹಾರ ಉಂಟೇ ಎಂದು ಕೇಳುವವರಿದ್ದಾರೆ. ಇದಕ್ಕೆ ಇಂಗ್ಲೆಂಡಿನ ಹಳೇ ಮೊಕದ್ದಮೆಯೊಂದು ಪ್ರಸಿದ್ಧ. ಜಾರ್ವಿಸ್ ಎಂಬ ವಕೀಲರು ಟೂರ್ ಕಂಪನಿಯೊಂದರ ಪುಸ್ತಕದಲ್ಲಿ ಬಣ್ಣಿಸಿದ್ದನ್ನು ನಂಬಿ, ಸುಮಾರು 63 ಪೌಂಡು ಕಟ್ಟಿ, ಹದಿನೈದು ದಿನದ ರಜೆಗೆ ಸ್ವಿಟ್ಜರ್ಲೆಂಡಿಗೆ ಹೋದರು. ಹೋಟೆಲ್ ತುಂಬ ಜನ, ನಗು, ಹಾಡು ಎಂದಿತ್ತು. ಎರಡನೇ ವಾರ ಹೋಟೆಲಿನಲ್ಲಿ ಉಳಿದವರು ಅವರೊಬ್ಬರೇ. ಹಾಡುಗಾರ ಬಂದ, ಆದರೆ ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕೈದು ಹಾಡು ಗಡಬಡಿಸಿ ಹಾಡಿ ಹೋದ. ಕೆಳ ನ್ಯಾಯಾಲಯ ಕೊಟ್ಟ ಹಣದ ಅರ್ಧ ಮಾತ್ರ ಕೊಡಿಸಿತು. 1972ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು 125 ಪೌಂಡಿಗೆ ಏರಿಸಿತು. ಕಟ್ಟಿದ್ದರ ಹೆಚ್ಚುಕಡಿಮೆ ಎರಡು ಪಟ್ಟು! ಸಂತೋಷ ಕೊಡುತ್ತೇವೆಂದು ಹಣ ಪಡೆದವರು ಅದನ್ನು ಕೊಡದಿದ್ದರೆ ಆ ನಿರಾಶೆಗೂ ಬೆಲೆ ಕಟ್ಟಬೇಕು ಎಂಬುದು ಅಲ್ಲಿನ ತರ್ಕ.

ನಮ್ಮ ದೇಶದ ಉದಾಹರಣೆಯೂ ಇದೆ. ರಾಜಸ್ಥಾನದ ಆಲ್ವಾರ್‌ ಕಡೆಯ ಕುಟುಂಬವೊಂದು 2016ರಲ್ಲಿ ಕಾಶ್ಮೀರ ನೋಡಲು ಹೊರಟಿತ್ತು. ರೈಲು ಸುಮಾರು ನಾಲ್ಕು ತಾಸು ತಡವಾಗಿ ಜಮ್ಮು ಮುಟ್ಟಿತು, ಶ್ರೀನಗರದ ವಿಮಾನ ತಪ್ಪಿತು. ಟ್ಯಾಕ್ಸಿ ಮಾಡಿಕೊಂಡು ಹೋಗಬೇಕಾಯಿತು, ದಾಲ್ ಸರೋವರದ ದೋಣಿಗೆ ಕಟ್ಟಿದ ಹಣವೂ ಹೋಯಿತು. ಜಿಲ್ಲಾ ಗ್ರಾಹಕ ವೇದಿಕೆ ಟ್ಯಾಕ್ಸಿಗೆ 15,000, ದೋಣಿಗೆ 10,000, ಮಾನಸಿಕ ಯಾತನೆಗೆ 5,000, ಮೊಕದ್ದಮೆ ಖರ್ಚಿಗೆ 5,000 ರೂಪಾಯಿ ಕೊಡಿಸಿತು. ರೈಲ್ವೆಯವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದೇ ಆದೇಶವನ್ನು ಎತ್ತಿಹಿಡಿಯಿತು. ತಡವಾದದ್ದು ತಮ್ಮ ಕೈಮೀರಿದ ಕಾರಣದಿಂದ ಎಂದು ರೈಲ್ವೆಯವರು ತೋರಿಸಲಿಲ್ಲ ಎಂಬುದೇ ಮುಖ್ಯ ಕಾರಣ. ಆ ಅಂಕಿಗಳನ್ನು ಇನ್ನೊಮ್ಮೆ ನೋಡಿ. ದೊಡ್ಡ ಮೊತ್ತ ಸಿಕ್ಕಿದ್ದು ಲೆಕ್ಕ ಇದ್ದ ಖರ್ಚಿಗೆ. ಯಾತನೆಗೆ ಸಿಕ್ಕಿದ್ದು ಸಣ್ಣ ಮೊತ್ತ.

ಇದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬಟವಾಡೆಯಲ್ಲಿ ಹಣ ಕಡಿಮೆ ಬಂದರೆ ಸಂಘದ ಕಾರ್ಯದರ್ಶಿಯ ಮುಂದೆ ನೀವು ಇಡುವುದು ಏನು? ಲೀಟರು, ಫ್ಯಾಟ್, ಎಸ್‌ಎನ್‌ಎಫ್ ಬರೆದ ಆಯಾ ಹೊತ್ತಿನ ಚೀಟಿ. ಚೀಟಿ ಕಳೆದುಕೊಂಡವರ ಮಾತು ನಡೆಯುವುದು ಕಷ್ಟ. ಯಾತ್ರೆಯದೂ ಹಾಗೇ. ಆಯೋಗಕ್ಕೆ ಹೋಗುವುದು ಆಮೇಲಿನ ಮಾತು, ದೂರು ಗೆಲ್ಲುವುದೂ ಸೋಲುವುದೂ ಬಹುಪಾಲು ಯಾತ್ರೆಯ ದಾರಿಯಲ್ಲೇ ತೀರ್ಮಾನವಾಗಿರುತ್ತದೆ.

ಕರಪತ್ರ ಬಿಸಾಡಬೇಡಿ, ಕಂಪನಿ ಮಾತು ಕೊಟ್ಟದ್ದಕ್ಕೆ ಅದೇ ಸಾಕ್ಷಿ. ಹಣವನ್ನು ಫೋನ್‌ಪೇ ಅಥವಾ ಬ್ಯಾಂಕಿನ ಮೂಲಕ ಕಟ್ಟಿ. ನಗದು ಕೊಟ್ಟರೆ ಕಂಪನಿಯ ಹೆಸರಿನ ರಸೀದಿ ಕೇಳಿ. ನಮ್ಮಲ್ಲಿ ತೊಡಕಾಗುವುದು ಇಲ್ಲೇ. ಹಣ ಕೂಡಿಸುವ ಏಜೆಂಟ ನಮ್ಮೂರವನೇ, ಕೆಲವೊಮ್ಮೆ ಬೀಗನೇ ಆಗಿರುತ್ತಾನೆ. ರಸೀದಿ ಕೇಳಲು ಸಂಕೋಚ. “ಮಾವಾ, ನಿನ್ನ ಮ್ಯಾಲಿನ ಅಪನಂಬಿಕಿ ಅಲ್ಲ, ಕಂಪನಿಯವರ ಚೀಟಿ ತರಿಸಿಕೊಡು” ಎಂದರೆ ಸಂಬಂಧವೇನೂ ಕೆಡುವುದಿಲ್ಲ. ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಕಂಪನಿಯನ್ನೂ ಹಣ ಪಡೆದ ಏಜೆಂಟನನ್ನೂ ಇಬ್ಬರನ್ನೂ ಎದುರುದಾರರೆಂದು ಕಾಣಿಸಬೇಕಾಗುತ್ತದೆ. ಇಲ್ಲವಾದರೆ ಇವನು ಅವರತ್ತ, ಅವರು ಇವನತ್ತ ಬೆರಳು ತೋರಿಸುತ್ತಾರೆ.

ದಾರಿಯಲ್ಲಿ ತೊಂದರೆಯಾದಾಗ ಅಲ್ಲಿಯೇ, ಆ ದಿನವೇ ತಿಳಿಸಿ. ಮ್ಯಾನೇಜರ್ ಎದುರು ಕೂಗಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಬರೆದದ್ದಕ್ಕೆ ಇರುತ್ತದೆ. ಮಲಗಿಸಿದ ಜಾಗ, ಕೆಟ್ಟು ನಿಂತ ಬಸ್ಸು, ಅದರ ನಂಬರು, ಎಲ್ಲದರ ಫೋಟೊ ತೆಗೆಯಿರಿ. ಸ್ವಂತ ಖರ್ಚಿನಲ್ಲಿ ಕೋಣೆ ಹಿಡಿದರೆ ಬಿಲ್ಲು ಪಡೆಯಿರಿ. ಜೊತೆಗೆ ಬಂದವರಲ್ಲಿ ಇಬ್ಬರು ಮೂವರ ಫೋನ್ ನಂಬರು ಬರೆದುಕೊಳ್ಳಿ.

ಎಲ್ಲ ಬೇಸರವೂ ಸೇವಾ ನ್ಯೂನತೆ ಅಲ್ಲ. ವಿಶ್ವನಾಥನ ದರ್ಶನಕ್ಕೆ ಆರು ತಾಸು ಸಾಲು ನಿಂತದ್ದಕ್ಕೆ ಟ್ರಾವೆಲ್ಸ್‌ನವರು ಹೊಣೆಯಲ್ಲ. ಸಾರಿಗೆ ಉಪ್ಪು ಕಡಿಮೆ ಎಂಬ ದೂರು ನಿಲ್ಲುವುದಿಲ್ಲ. ಮೂರು ಹೊತ್ತು ಊಟ ಎಂದು ಬರೆದು ಒಂದೇ ಹೊತ್ತು ಕೊಟ್ಟರೆ ನಿಲ್ಲುತ್ತದೆ. ಗುಡ್ಡ ಕುಸಿದು ದಾರಿ ಮುಚ್ಚಿದರೆ ಅದು ಯಾರ ತಪ್ಪೂ ಅಲ್ಲ. ಆದರೂ ಕಾಣದ ಊರಿಗೆ ಕಟ್ಟಿದ, ಖರ್ಚಾಗದೆ ಉಳಿದ ಹಣವನ್ನು ವಾಪಸ್ ಕೇಳುವುದರಲ್ಲಿ ತಪ್ಪಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಹುನಗುಂದ ತಾಲ್ಲೂಕಿನ ದಂಪತಿ ಹನ್ನೊಂದು ದಿನಕ್ಕೆ ಇಬ್ಬರದೂ ಸೇರಿ 36,000 ರೂಪಾಯಿ ಕಟ್ಟಿದ್ದಾರೆ ಎಂದುಕೊಳ್ಳಿ. ಅಯೋಧ್ಯೆಯ ಒಂದು ದಿನ ತಪ್ಪಿತು, ಅದರ ಪಾಲು ಸುಮಾರು 3,270. ಸ್ವಂತವಾಗಿ ಹಿಡಿದ ಲಾಡ್ಜ್‌ಗೆ ಬಿಲ್ಲಿನಂತೆ 2,400. ಬಸ್ಸು ಕೆಟ್ಟು ಎರಡು ದಿನ ತಡವಾಗಿ ಊರು ಮುಟ್ಟಿದ್ದರಿಂದ ಹಾಲು ಹಿಂಡುವವರಿಗೆ ಹೆಚ್ಚಿಗೆ ಕೊಟ್ಟ ಕೂಲಿ 800. ಇದನ್ನೂ ಕೇಳಬಹುದು, ಕೂಲಿ ಪಡೆದವರ ಸಹಿ ಇರಲಿ. ಎಮ್ಮೆ ಹಾಲು ಇಳಿಸಿತು ಎಂದು ನಷ್ಟ ಕೇಳಿದರೆ? ಸಂಘದ ಚೀಟಿಗಳು ಇಳಿತವನ್ನು ತೋರಿಸಬಹುದು, ಆದರೆ ಅದಕ್ಕೆ ಟ್ರಾವೆಲ್ಸ್‌ನವರೇ ಕಾರಣ ಎಂದು ಸಾಬೀತು ಮಾಡುವುದು ಬಲು ಕಷ್ಟ. ನನ್ನನ್ನು ಕೇಳಿದರೆ ಅದನ್ನು ಬಿಟ್ಟುಬಿಡಿ, ಗಟ್ಟಿಯಾದ ಲೆಕ್ಕದ ಜೊತೆ ಸಡಿಲು ಲೆಕ್ಕ ಸೇರಿಸಿದರೆ ಗಟ್ಟಿಯದರ ಮೇಲೂ ಅನುಮಾನ ಬರುತ್ತದೆ. ಇದರ ಮೇಲೆ ಯಾತನೆಗೆ ಮತ್ತು ಮೊಕದ್ದಮೆ ಖರ್ಚಿಗೆ ನಿಮಗೆ ನ್ಯಾಯವೆನಿಸಿದ ಮೊತ್ತ ಕೇಳಿ. ಕೇಳಿದಷ್ಟೂ ಸಿಗುತ್ತದೆ ಎಂದುಕೊಳ್ಳಬೇಡಿ. ಮಗ ಬೆಂಗಳೂರಿನಿಂದ ಹಣ ಕಟ್ಟಿ ತಂದೆತಾಯಿಯನ್ನು ಕಳಿಸಿದ್ದರೆ, ಹೋಗಿಬಂದ ತಂದೆತಾಯಿಯೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ.

ಊರಿಗೆ ಬಂದ ಮೇಲೆ ಮೊದಲು ಕಂಪನಿಗೆ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಹದಿನೈದು ದಿನ ಗಡುವು ಕೊಡಿ. ಪತ್ರಕ್ಕೆ ಬಗ್ಗುವ ಕಂಪನಿಗಳೂ ಉಂಟು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಅವರು ಕಂಪನಿಯನ್ನು ಸಂಪರ್ಕಿಸಿ ರಾಜಿಗೆ ಯತ್ನಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ.

ಅದೂ ಆಗದಿದ್ದರೆ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ, ನಡೆದದ್ದನ್ನು ದಿನಾಂಕದ ಪ್ರಕಾರ ಬರೆದು ನೀವೇ ಕೊಡಬಹುದು. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಒಂದೇ ಬಸ್ಸಿನ ಐದಾರು ಮನೆಯವರು ಸೇರಿ ಜಂಟಿಯಾಗಿ ಕೊಟ್ಟರೆ ಓಡಾಟ ಹಂಚಿಹೋಗುತ್ತದೆ, ಸಾಕ್ಷಿಯೂ ಗಟ್ಟಿಯಾಗುತ್ತದೆ. ಕಂಪನಿ ನೋಟಿಸು ತಲುಪಿದ 30 ದಿನದಲ್ಲಿ, ಆಯೋಗ ಒಪ್ಪಿದರೆ ಇನ್ನೂ 15 ದಿನದಲ್ಲಿ, ಉತ್ತರ ಕೊಡಬೇಕು. ಮೂರು ತಿಂಗಳಲ್ಲಿ ತೀರ್ಮಾನ ಮಾಡಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ನೀವು ಅದಕ್ಕಿಂತ ಹೆಚ್ಚು ಕಾಯುವ ತಯಾರಿಯಲ್ಲಿರಿ. ಆದೇಶದ ವಿರುದ್ಧ ಕಂಪನಿ ರಾಜ್ಯ ಆಯೋಗಕ್ಕೆ ಹೋಗುವುದಾದರೆ ಅರ್ಧ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಆದೇಶವನ್ನು ಪಾಲಿಸದಿದ್ದರೆ ಜೈಲು ಅಥವಾ ದಂಡದ ಶಿಕ್ಷೆಯೂ ಇದೆ.

ದೂರು ಕೊಡಲು ತೊಂದರೆಯಾದ ದಿನದಿಂದ ಎರಡು ವರ್ಷ ಅವಕಾಶವಿದೆ. ಹೋದ ವರ್ಷದ ಯಾತ್ರೆಯಲ್ಲಿ ಕೈಸುಟ್ಟುಕೊಂಡವರಿಗೆ ಇನ್ನೂ ಸಮಯವಿದೆ. ರಸೀದಿ, ಬಿಲ್ಲು, ಫೋಟೊ ಹುಡುಕಿ ತೆಗೆಯಿರಿ, ಫೋನ್ ಬದಲಿಸುವವರು ಹಳೇ ಸಂದೇಶಗಳನ್ನು ಮೊದಲು ಪ್ರಿಂಟ್ ಮಾಡಿಸಿಕೊಳ್ಳಿ.